ಮನೆಯಲ್ಲಿ ಬೇಬಿ ಸಿಟ್ಟಿಂಗ್ ನಡೆಸುವವರು ಹಾಡು ಹಾಕೋಕೆ ಲೈಸೆನ್ಸ್ ಬೇಕಾ?

ಕಳೆದ ವರ್ಷ ಒಂದು ಮಧ್ಯಾಹ್ನ ಮಕ್ಕಳನ್ನೆಲ್ಲ ಮಲಗಿಸಿ ತಟ್ಟೆ ಲೋಟ ತೊಳೆಯುತ್ತಿದ್ದೆ, ಫೋನ್ ಬಂತು. "ಮೇಡಂ, ಡೇಕೇರ್ ನಡೆಸ್ತೀರಲ್ವಾ, ಮ್ಯೂಸಿಕ್ ಲೈಸೆನ್ಸ್ ತಗೊಂಡಿದ್ದೀರಾ?" ನನಗೆ ಮೊದಲು ನಗು ಬಂತು. ನಮ್ಮನೆ ಹಾಲ್‌ನಲ್ಲಿ ಆರು ಮಕ್ಕಳು, ಟಿವಿ ಪಕ್ಕದಲ್ಲಿ ಅಂಗೈ ಅಗಲದ ಒಂದು ಬ್ಲೂಟೂತ್ ಸ್ಪೀಕರ್, ಅದರಲ್ಲಿ ಎರಡೂವರೆ ವರ್ಷದವನೊಬ್ಬ ದಿನಾ ಒಂದೇ ಆನೆ ಹಾಡನ್ನು "ಇನ್ನೊಂದ್ಸಲ, ಇನ್ನೊಂದ್ಸಲ" ಅಂತ ಹನ್ನೆರಡು ಸಲ ಹಾಕಿಸುತ್ತಾನೆ. ಇದಕ್ಕೂ ಲೈಸೆನ್ಸಾ? ಇವತ್ತೇ ದುಡ್ಡು ಕಳಿಸಿದರೆ ಡಿಸ್ಕೌಂಟ್ ಇದೆ ಅಂದ ಕೂಡಲೇ ಅನುಮಾನ ಬಂದು ಫೋನ್ ಇಟ್ಟೆ. ಯಾವ ಸಂಸ್ಥೆ ಅಂತಲೂ ಹೇಳಿರಲಿಲ್ಲ. ಆದರೆ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು, ಯಾಕಂದ್ರೆ ನಾನು ತಿಂಗಳಿಗೆ ಫೀಸ್ ತಗೊಳ್ತೀನಿ, ಬಂದಿರೋದು ಬೇರೆಯವರ ಮಕ್ಕಳು. ಹಾಗಾಗಿ ಕೂತು 1957ರ ಕಾಪಿರೈಟ್ ಕಾಯ್ದೆ ಓದಿದೆ. ನನ್ನ ಹಾಗೇ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ. ನಾನು ಲಾಯರ್ ಅಲ್ಲ, ಇದು ಓದಿಕೊಂಡವಳ ಮಾತು ಅಷ್ಟೇ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗ ಸಂಯೋಜನೆಯದು ಒಂದು, ಅದನ್ನು ಹಾಡಿಸಿ ಮಾಡಿದ ರೆಕಾರ್ಡಿಂಗ್‌ನದು ಇನ್ನೊಂದು. ಮೊದಲನೆಯದನ್ನು ಹೆಚ್ಚಾಗಿ ನೋಡಿಕೊಳ್ಳುವುದು 1969ರಲ್ಲಿ ಶುರುವಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). ಎರಡನೆಯದಕ್ಕೆ ಪಿಪಿಎಲ್, ಆರ್‌ಎಂಪಿಎಲ್, ನೋವೆಕ್ಸ್ ಅಂತ ಲೈಸೆನ್ಸ್ ಕೊಡುವ ಬೇರೆ ಬೇರೆ ಸಂಸ್ಥೆಗಳು ಇವೆ, ಒಬ್ಬೊಬ್ಬರ ಹತ್ತಿರ ಒಂದೊಂದು ಆಡಿಯೋ ಕಂಪನಿಗಳ ಹಾಡು. ಇಂಗ್ಲೆಂಡಿನಲ್ಲಿ 2018ರಿಂದ ಎರಡೂ ಕಡೆಯವರು ಸೇರಿ ಒಂದೇ ಲೈಸೆನ್ಸ್ ಕೊಡುತ್ತಾರೆ, ಒಂದು ಬಿಲ್ ಕಟ್ಟಿದರೆ ಮುಗೀತು. ನಮ್ಮಲ್ಲಿ ಹಾಗಿಲ್ಲ. ಒಬ್ಬರ ಹತ್ತಿರ ತಗೊಂಡರೆ ಎಲ್ಲಾ ಹಾಡಿಗೂ ಆಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಅಸಲಿ ಪ್ರಶ್ನೆ. ಹಾಡನ್ನು "ಸಾರ್ವಜನಿಕರಿಗೆ ಕೇಳಿಸಿದರೆ" ಮಾತ್ರ ಲೈಸೆನ್ಸ್ ಮಾತು ಬರುತ್ತದೆ. ನಿಮ್ಮ ಮಗು, ನಿಮ್ಮ ತಂಗಿ ಮಗು ಕೂತು ಕೇಳಿದರೆ ಯಾರೂ ಕೇಳೋ ಹಾಗಿಲ್ಲ. ಹೋಟೆಲ್, ಸಲೂನ್, ಜಿಮ್‌ನಲ್ಲಿ ಹಾಕಿದರೆ ಬೇಕೇ ಬೇಕು, ಅಲ್ಲೂ ಗೊಂದಲ ಇಲ್ಲ. ನಾವು ಇವೆರಡರ ಮಧ್ಯೆ ಇದ್ದೀವಿ. ಜಾಗ ಮನೆ, ಕೆಲಸ ವ್ಯಾಪಾರ. "ಮನೆಯಲ್ಲೇ ತಾನೆ" ಅನ್ನೋ ಒಂದೇ ವಾದ ಹಿಡ್ಕೊಂಡು ಕೂರಬೇಡಿ, ಅದು ಗಟ್ಟಿ ನೆಲ ಅಲ್ಲ. ಫೀಸ್ ತಗೊಂಡ ಮೇಲೆ ಮನೆ ಬರೀ ಮನೆಯಾಗಿ ಉಳಿಯಲ್ಲ.

ಗಟ್ಟಿ ನೆಲ ಬೇರೆ ಕಡೆ ಇದೆ. ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಯಾವುದು ಉಲ್ಲಂಘನೆ ಅಲ್ಲ ಅಂತ ಉದ್ದ ಪಟ್ಟಿ ಇದೆ. ಅದರಲ್ಲಿ 52(1)(ಜೆ) ಓದಿ. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಟೀಚರ್, ಮಕ್ಕಳು ಹಾಡಬಹುದು, ರೆಕಾರ್ಡಿಂಗ್ ಕೂಡ ಕೇಳಿಸಬಹುದು. ಷರತ್ತು ಒಂದೇ, ಕೇಳುವವರು ಅಲ್ಲಿನ ಸಿಬ್ಬಂದಿ, ಮಕ್ಕಳು, ಅವರ ತಂದೆ ತಾಯಿ ಪೋಷಕರು, ಆ ಚಟುವಟಿಕೆಗೆ ಸಂಬಂಧಪಟ್ಟವರು, ಇಷ್ಟರಲ್ಲೇ ಇರಬೇಕು. ಪ್ಲೇಹೋಮ್, ಶಿಶುವಿಹಾರ ಅಂತ ನಡೆಸುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಬರೀ ಊಟ ನಿದ್ದೆ ನೋಡಿಕೊಳ್ಳುವ ಬೇಬಿ ಸಿಟ್ಟಿಂಗ್‌ಗೆ ಅಷ್ಟು ಸಲೀಸಾಗಿ ಹೊಂದಲ್ಲ, ಯಾಕಂದ್ರೆ ಶಿಕ್ಷಣ ಸಂಸ್ಥೆ ಅಂದರೆ ಏನು ಅಂತ ಕಾಯ್ದೆ ವ್ಯಾಖ್ಯಾನ ಕೊಟ್ಟಿಲ್ಲ. ಅದಕ್ಕೇ ನಾನು ಮಾಡಿದ್ದು ಇಷ್ಟು. ಗೋಡೆ ಮೇಲೆ ಒಂದು ವೇಳಾಪಟ್ಟಿ ಅಂಟಿಸಿದೆ. ಹತ್ತೂವರೆಗೆ ರಾಗಿ ಗಂಜಿ, ಹತ್ತು ಮುಕ್ಕಾಲಿಗೆ ಹಾಡು ಮತ್ತು ಅಭಿನಯ, ಆಮೇಲೆ ಬಣ್ಣ, ಆಮೇಲೆ ಕಥೆ. ಪೋಷಕರಿಗೆ ಕೊಡುವ ಸೇರ್ಪಡೆ ಫಾರಂನಲ್ಲೂ ಅದೇ ಬರೆದೆ. ಸುಮ್ನೆ ತೋರಿಕೆಗೆ ಅಲ್ಲ, ನಿಜವಾಗಲೂ ಹಾಗೇ ನಡೆಯುತ್ತದೆ, ಆದರೆ ಬರೆದಿಟ್ಟಿದ್ದರೆ ನಾಳೆ ಯಾರಾದರೂ ಕೇಳಿದಾಗ ತೋರಿಸೋಕೆ ಒಂದು ಕಾಗದ ಇರುತ್ತದೆ. ದಿನದ ಹಾಡಿಗೆ ನಾನು ಲೈಸೆನ್ಸ್ ತಗೊಂಡಿಲ್ಲ, ತಗೊಳ್ಳೋದೂ ಇಲ್ಲ. ಐದಾರು ಬ್ರಾಂಚ್ ಇರುವವರು, ಫ್ರಾಂಚೈಸಿ ತಗೊಂಡವರು ಮಾತ್ರ ಲಾಯರ್ ಹತ್ತಿರ ಒಂದು ಸಲ ಕೂತು ಮಾತಾಡಿ.

ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ಒಂದು ಮಾತು. ನಿವಾಸಿಗಳಿಗೆ ಅಂತಲೇ ಇರುವ ಕಾಮನ್ ಹಾಲ್‌ನಲ್ಲಿ ರೆಕಾರ್ಡ್ ಹಾಕೋಕೆ ಬೇರೆ ವಿನಾಯಿತಿ ಇದೆ, 52(1)(ಕೆ). ಅದನ್ನು ನಮ್ಮ ಕೆಲಸಕ್ಕೆ ಎಳೆಯೋಕೆ ಹೋಗಬೇಡಿ, ಅದು ನಿವಾಸಿಗಳ ಸೌಲಭ್ಯಕ್ಕೆ ಇರೋದು, ನಿಮ್ಮ ಬಿಸಿನೆಸ್‌ಗೆ ಅಲ್ಲ.

ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಯಾವ ಆ್ಯಪ್‌ನಿಂದ ಬೇಕಾದರೂ ಹಾಕಬಹುದು ಅಂತಲ್ಲ. ಇದನ್ನು ಬಹಳ ಜನ ಮರೀತಾರೆ. ಯೂಟ್ಯೂಬ್, ಸ್ಪಾಟಿಫೈ ಎರಡರ ನಿಯಮದಲ್ಲೂ ಸ್ವಂತ, ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ ಅಂತ ಇದೆ. ಪ್ರೀಮಿಯಂಗೆ ದುಡ್ಡು ಕಟ್ಟಿದರೆ ಜಾಹೀರಾತು ಹೋಗುತ್ತದೆ, ಈ ನಿಯಮ ಹೋಗಲ್ಲ. ಅದು ಕಾಪಿರೈಟ್ ಕಾಯ್ದೆಯ ವಿಷಯ ಅಲ್ಲ, ನೀವು ಒಪ್ಪಿಗೆ ಅಂತ ಒತ್ತಿದ ಕರಾರಿನ ವಿಷಯ. ಅದಕ್ಕೆ ನಾನು ಹಳೇ ಮಕ್ಕಳ ಸಿಡಿಗಳನ್ನು ಹುಡುಕಿ ತಂದೆ, ಕೆಲವು ಹಾಡು ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದೆ, ಎಲ್ಲ ಒಂದು ಪೆನ್‌ಡ್ರೈವ್‌ನಲ್ಲಿ ಇದೆ. ಮಧ್ಯೆ ಸಾಬೂನಿನ ಜಾಹೀರಾತು ಬಂದು ಮಲಗಿದ ಮಗು ಎದ್ದು ಕೂರೋದೂ ತಪ್ಪಿತು.

ಇನ್ನೂ ಸುಲಭದ ದಾರಿ ನೀವೇ ಹಾಡೋದು. ಆಗ ರೆಕಾರ್ಡಿಂಗ್ ಹಕ್ಕಿನ ಮಾತೇ ಇಲ್ಲ. ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ, ಲೆಕ್ಕ ಮುಂದಿನ ಜನವರಿಯಿಂದ ಶುರು. ಪಂಜೆ ಮಂಗೇಶರಾಯರು ತೀರಿಕೊಂಡಿದ್ದು 1937ರಲ್ಲಿ, ಅವರ ಮಕ್ಕಳ ಪದ್ಯಗಳ ಹಕ್ಕು ಮುಗಿದು ಎಷ್ಟೋ ಕಾಲ ಆಗಿದೆ, ಧಾರಾಳವಾಗಿ ಹಾಡಿ. ಜಿ.ಪಿ. ರಾಜರತ್ನಂ ತೀರಿಕೊಂಡಿದ್ದು 1979ರಲ್ಲಿ, ಅಂದರೆ ಅವರ ಶಿಶುಗೀತೆಗಳ ಹಕ್ಕು 2039ರ ಕೊನೆತನಕ ಇದೆ. ಕುವೆಂಪು ಅವರದು 2054ರ ಕೊನೆತನಕ. ಹಾಗಂತ ಮಕ್ಕಳಿಗೆ ಇವನ್ನು ಹಾಡಿಕೊಡಬೇಡಿ ಅಂತಲ್ಲ, ಆಗಲೇ ಹೇಳಿದ ವಿನಾಯಿತಿ ಹಾಡೋದಕ್ಕೂ ಇದೆ. ಸಾಹಿತ್ಯ ಪ್ರಿಂಟ್ ಮಾಡಿ ಪುಸ್ತಕ ಮಾರೋಕೆ, ಅಥವಾ ಹಾಡಿ ಚಾನೆಲ್‌ಗೆ ಹಾಕೋಕೆ ಹೋದಾಗ ಈ ಲೆಕ್ಕ ನೆನಪಿರಲಿ. ದಾಸರ ಪದ, ಜನಪದ ಜೋಗುಳ ಹಾಡೋಕೆ ಯಾರ ಅಪ್ಪಣೆಯೂ ಬೇಡ. ಆದರೆ ಅದೇ ದಾಸರ ಪದವನ್ನು ಯಾರೋ ಮೊನ್ನೆ ಮೊನ್ನೆ ಹಾಡಿದ ರೆಕಾರ್ಡಿಂಗ್ ಬೇರೆ ವಸ್ತು. ಅದಕ್ಕೆ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1964ರಲ್ಲಿ ಬಂದ ರೆಕಾರ್ಡ್ ಆದರೆ 2024ರ ಕೊನೆಗೆ ಮುಗೀತು.

ನಿಜವಾದ ತೊಂದರೆ ಬರೋದು ವಾರ್ಷಿಕೋತ್ಸವದಲ್ಲಿ. ಮನೆ ಹಾಲ್ ಸಾಲದು ಅಂತ ಒಂದು ಸಣ್ಣ ಸಭಾಂಗಣ ಬಾಡಿಗೆಗೆ ಹಿಡೀತೀವಿ, ಸಿನಿಮಾ ಹಾಡಿಗೆ ಮಕ್ಕಳ ಡ್ಯಾನ್ಸ್, ಬೀದಿಯವರೂ ಬರಲಿ ಮುಂದಿನ ವರ್ಷಕ್ಕೆ ಅಡ್ಮಿಷನ್ ಆಗಲಿ ಅಂತ ಬ್ಯಾನರ್. ಅಲ್ಲಿಗೆ ವಿನಾಯಿತಿಯ ಗೆರೆ ದಾಟಿದ ಹಾಗೆ. ಬರುವವರನ್ನು ಮಕ್ಕಳ ಮನೆಯವರಿಗೇ ಸೀಮಿತ ಮಾಡಿ, ಟಿಕೆಟ್ ಇಡಬೇಡಿ, ಸ್ಪಾನ್ಸರ್ ಬ್ಯಾನರ್ ಬೇಡ. ಇಲ್ಲ, ಎಲ್ಲರನ್ನೂ ಕರೀಲೇಬೇಕು ಅಂದರೆ ಆ ಒಂದು ದಿನಕ್ಕೆ ಲೈಸೆನ್ಸ್ ತಗೊಳ್ಳಿ. ಹಾಡುಗಳ ಪಟ್ಟಿ ಮೊದಲು ಮಾಡಿ, ಒಂದೊಂದು ಯಾವ ಆಡಿಯೋ ಕಂಪನಿಯದು ನೋಡಿ, ಆಮೇಲೆ ಆ ಹಕ್ಕು ಯಾರ ಹತ್ತಿರ ಇದೆ ಅಂತ ಅವರವರ ವೆಬ್‌ಸೈಟ್‌ನಲ್ಲಿ ಹುಡುಕಿ. ಎಂಟು ಹಾಡು ನಾಲ್ಕು ಕಂಪನಿಯದಾದರೆ ಖರ್ಚು ಜಾಸ್ತಿ, ಒಂದೇ ಕಂಪನಿಯ ಹಾಡಿಗೆ ಡ್ಯಾನ್ಸ್ ಕಲಿಸಿ. ದಿನಾಂಕ, ಜಾಗ, ಎಷ್ಟು ಜನ ಬರ್ತಾರೆ ಅಂತ ಬರೆದು ಇಮೇಲ್ ಮಾಡಿ, ದರ ಬರಹದಲ್ಲೇ ತರಿಸಿಕೊಳ್ಳಿ. ಇನ್ನೊಂದು, ಮದುವೆಯಲ್ಲಿ ಹಾಡು ಹಾಕೋಕೆ ಲೈಸೆನ್ಸ್ ಬೇಡ ಅಂತ ಸರ್ಕಾರವೇ ಹೇಳಿದೆಯಲ್ಲ, ನಮಗ್ಯಾಕೆ ಬೇಕು ಅಂತ ಕೇಳೋರಿದ್ದಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೇಳಿದ್ದು ಧಾರ್ಮಿಕ ಸಮಾರಂಭ ಮತ್ತು ಮದುವೆಗೆ ಸೇರಿದ ಕಾರ್ಯಕ್ರಮಗಳ ಬಗ್ಗೆ. ಸ್ಕೂಲ್ ಡೇ ಮುಂಚೆ ಗಣಪತಿ ಪೂಜೆ ಮಾಡಿದ ತಕ್ಷಣ ಅದು ಧಾರ್ಮಿಕ ಸಮಾರಂಭ ಆಗಲ್ಲ.

ದುಡ್ಡು ಕೇಳಿ ಫೋನ್ ಬಂದರೆ ಗಾಬರಿ ಆಗಬೇಡಿ, ಬೈಯ್ಯಲೂ ಬೇಡಿ. ಯಾವ ಸಂಸ್ಥೆ, ಯಾವ ಹಾಡುಗಳ ಹಕ್ಕು, ಯಾವ ಆಧಾರದ ಮೇಲೆ, ದರಪಟ್ಟಿ ಎಲ್ಲಿದೆ, ಎಲ್ಲ ಇಮೇಲ್‌ನಲ್ಲಿ ಕಳಿಸಿ ಅನ್ನಿ. ಯಾರದೋ ನಂಬರ್‌ಗೆ ಯುಪಿಐ ಮಾಡಬೇಡಿ, ಜಿಎಸ್‌ಟಿ ಇನ್‌ವಾಯ್ಸ್ ಕೇಳಿ. ಕಾಪಿರೈಟ್ ಸೊಸೈಟಿ ಅಂತ ಕಾಯ್ದೆ ಪ್ರಕಾರ ನೋಂದಣಿ ಆಗಿಲ್ಲದವರು ಹೀಗೆ ಲೈಸೆನ್ಸ್ ಕೊಡಬಹುದಾ ಅನ್ನೋದರ ಮೇಲೇ ಕೋರ್ಟುಗಳಲ್ಲಿ ಜಗಳ ಇದೆ. 2024ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕೊಡಬಹುದು ಅಂದಿತು, 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಪೀಠ ಬೇರೆ ಥರ ಹೇಳಿತು, ಅದರ ಒಂದು ಭಾಗಕ್ಕೆ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ಬರಹದಲ್ಲಿ ಕೇಳೋದು ನಿಮ್ಮ ಹಕ್ಕು. ಆದರೆ ನಿಜವಾದ ಲೀಗಲ್ ನೋಟಿಸ್ ಬಂದರೆ ಡ್ರಾಯರ್‌ಗೆ ಹಾಕಿ ಮರೀಬೇಡಿ. ಗೊತ್ತಿದ್ದೂ ಉಲ್ಲಂಘನೆ ಮಾಡಿದರೆ 63ನೇ ಸೆಕ್ಷನ್ ಪ್ರಕಾರ ಜೈಲೂ ಇದೆ, 50,000ದಿಂದ 2 ಲಕ್ಷದ ತನಕ ದಂಡವೂ ಇದೆ.

ರೀಲ್ಸ್ ಬಗ್ಗೆ ಎರಡೇ ಮಾತು. ಮಕ್ಕಳು ಕುಣಿಯೋ ವಿಡಿಯೋಗೆ ಹೊಸ ಸಿನಿಮಾ ಹಾಡು ಹಾಕಿ "ಅಡ್ಮಿಷನ್ ಓಪನ್" ಅಂತ ಬರೆದರೆ ಅದು ಜಾಹೀರಾತು, ಯಾವ ಶಾಲೆ ವಿನಾಯಿತಿಯೂ ಕಾಯಲ್ಲ. ಮಗುವಿನ ಮುಖ ಹಾಕೋ ಮುಂಚೆ ಅಪ್ಪ ಅಮ್ಮನ್ನ ಕೇಳಿ, ಅದು ಹಾಡಿಗಿಂತ ದೊಡ್ಡ ವಿಷಯ.

ನಮ್ಮ ಪೆನ್‌ಡ್ರೈವ್‌ನಲ್ಲಿ ಈಗ ಎಲ್ಲಕ್ಕಿಂತ ಜಾಸ್ತಿ ಓಡೋದು ಎದುರು ಮನೆ ಅಜ್ಜಿ ಹಾಡಿದ ಜೋಗುಳ. ಅವರನ್ನು ಕೇಳಿ ನನ್ನ ಫೋನ್‌ನಲ್ಲೇ ರೆಕಾರ್ಡ್ ಮಾಡಿದ್ದು, ಹಿಂದೆ ಕುಕ್ಕರ್ ವಿಶಲ್ ಕೂಡ ಇದೆ. ಆನೆ ಹಾಡಿನ ಹುಡುಗ ಇಡೀ ಜೋಗುಳಕ್ಕೆ ಸುಮ್ನಿದ್ದು, ವಿಶಲ್ ಬಂದಾಗ ಮಾತ್ರ ಕಣ್ಣು ಬಿಟ್ಟು "ಅನ್ನ ಆಯ್ತಾ?" ಅಂತಾನೆ.