ರಕ್ಷಣಾ ನೀತಿ ಸಂಶೋಧನೆಯಲ್ಲಿ ಇಂಟರ್ನ್‌ಶಿಪ್: ಅರ್ಜಿಗೆ ಮುಂಚೆ ಏನೇನು ಸಿದ್ಧವಾಗಿರಬೇಕು?

ರಕ್ಷಣಾ ಅಧ್ಯಯನ ಸಂಸ್ಥೆಗಳಿಗೆ ಬರುವ ಅರ್ಜಿಗಳಲ್ಲಿ ದೇಶಪ್ರೇಮದ ಮಾತಿಗೆ ಕೊರತೆಯಿಲ್ಲ. ಕೊರತೆ ಇರುವುದು ದಾಖಲೆ ಓದಿ ಬರೆದ ನಾಲ್ಕು ಪುಟಗಳಿಗೆ. ಆಯ್ಕೆ ಬಹುತೇಕ ನಿಲ್ಲುವುದೇ ಆ ನಾಲ್ಕು ಪುಟಗಳ ಮೇಲೆ. ಆದ್ದರಿಂದ ತಯಾರಿಯ ಹೆಚ್ಚಿನ ಸಮಯ ಅಲ್ಲಿಗೇ ಹೋಗಬೇಕು.

ಮೊದಲು ಸಂಸ್ಥೆ ಆರಿಸಿ

ದೆಹಲಿಯ ಮನೋಹರ್ ಪರಿಕ್ಕರ್ ರಕ್ಷಣಾ ಅಧ್ಯಯನ ಸಂಸ್ಥೆ 1965ರಲ್ಲಿ ಶುರುವಾದದ್ದು. ರಕ್ಷಣಾ ಸಚಿವಾಲಯದ ಅನುದಾನದಿಂದ ನಡೆಯುತ್ತದೆ, ವಿಷಯದ ಹರವು ದೊಡ್ಡದು. ಭೂಸೇನೆಯ ವಿಷಯಕ್ಕೆ ಕ್ಲಾಸ್ (ಸೆಂಟರ್ ಫಾರ್ ಲ್ಯಾಂಡ್ ವಾರ್‌ಫೇರ್ ಸ್ಟಡೀಸ್), ನೌಕಾಪಡೆ ಮತ್ತು ಹಿಂದೂ ಮಹಾಸಾಗರಕ್ಕೆ ನ್ಯಾಷನಲ್ ಮ್ಯಾರಿಟೈಮ್ ಫೌಂಡೇಶನ್ ಇವೆ. ವಾಯುಪಡೆಯ ವಿಷಯಕ್ಕೂ ಪ್ರತ್ಯೇಕ ಕೇಂದ್ರವಿದೆ. ಬೆಂಗಳೂರಿನಲ್ಲೇ ಇರಬೇಕೆನ್ನುವವರಿಗೆ ಎರಡು ಒಳ್ಳೆಯ ದಾರಿಗಳಿವೆ. ಒಂದು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ, 1988ರಲ್ಲಿ ಜೆ.ಆರ್.ಡಿ. ಟಾಟಾ ಕಟ್ಟಿದ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್). ಕ್ಷಿಪಣಿ, ಅಣ್ವಸ್ತ್ರ, ಬಾಹ್ಯಾಕಾಶದ ಅಧ್ಯಯನ ಇಲ್ಲಿ ಗಟ್ಟಿಯಾಗಿರುವುದರಿಂದ ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರದವರಿಗೂ ಹೊಂದುತ್ತದೆ. ಇನ್ನೊಂದು, ಸಾರ್ವಜನಿಕ ನೀತಿಯ ಅಧ್ಯಯನ ನಡೆಸುವ ತಕ್ಷಶಿಲಾ ಸಂಸ್ಥೆ.

ಎಲ್ಲ ಕಡೆಗೂ ಒಂದೇ ಅರ್ಜಿ ಕಳಿಸಬೇಡಿ. ಆ ಸಂಸ್ಥೆಯ ಇಬ್ಬರು ಸಂಶೋಧಕರು ಕಳೆದ ಎರಡು ವರ್ಷದಲ್ಲಿ ಬರೆದದ್ದನ್ನು ಓದಿ, ನಿಮ್ಮ ವಿಷಯ ಯಾರ ಕೆಲಸಕ್ಕೆ ಹತ್ತಿರ ಎಂದು ಅರ್ಜಿಯಲ್ಲೇ ಹೇಳಿ. ಮಾರ್ಗದರ್ಶಕರು ಸಿಗದೆ ತಿರಸ್ಕೃತವಾಗುವ ಅರ್ಜಿಗಳು ಬಹಳ. ಸೇರಬೇಕಾದ ದಿನಕ್ಕೆ ಕನಿಷ್ಠ ಮೂರು ತಿಂಗಳು ಮುಂಚೆ ಕಳಿಸಿ. ಭತ್ಯೆ ಇದೆಯೇ, ವಸತಿ ಇದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಕೆಲವೆಡೆ ಭತ್ಯೆಯೇ ಇರುವುದಿಲ್ಲ, ದೆಹಲಿಯ ಬಾಡಿಗೆ ಕೈಯಿಂದಲೇ ಹೋಗುತ್ತದೆ. ಅನುಕೂಲವಿಲ್ಲದ ಮನೆಗಳ ಮಕ್ಕಳು ಈ ಕ್ಷೇತ್ರಕ್ಕೆ ಬಾರದಿರಲು ಇದೇ ದೊಡ್ಡ ಕಾರಣ, ಸಂಸ್ಥೆಗಳು ಇದನ್ನು ಸರಿಪಡಿಸಲೇಬೇಕು. ಅಲ್ಲಿಯವರೆಗೆ ಬೆಂಗಳೂರಿನ ಸಂಸ್ಥೆಗಳನ್ನೂ, ಮನೆಯಿಂದಲೇ ಕೆಲಸ ಮಾಡಲು ಬಿಡುವ ಅವಕಾಶಗಳನ್ನೂ ಮೊದಲು ನೋಡಿ.

ಮಾದರಿ ಬರಹ

ಅರ್ಜಿಯ ಜೊತೆ ಕಳಿಸುವ ಆ ನಾಲ್ಕು ಪುಟಕ್ಕೆ 1,200ರಿಂದ 1,500 ಪದ ಸಾಕು. ‘ಭಾರತ–ಚೀನಾ ಸಂಬಂಧ: ಸವಾಲುಗಳು ಮತ್ತು ಮುಂದಿನ ದಾರಿ’ ಎಂಬಂಥ ತಲೆಬರಹ ಬೇಡ. ಅದು ಸ್ಪರ್ಧಾತ್ಮಕ ಪರೀಕ್ಷೆಯ ಉತ್ತರದ ಧಾಟಿ, ಎಲ್ಲವನ್ನೂ ಮುಟ್ಟಿ ಯಾವುದನ್ನೂ ತೀರ್ಮಾನಿಸುವುದಿಲ್ಲ. ಪ್ರಶ್ನೆಯನ್ನು ಒಂದು ಯೋಜನೆ, ಒಂದು ಅವಧಿ, ಒಂದು ಕಾರಣಕ್ಕೆ ಇಳಿಸಿ. ಉದಾಹರಣೆಗೆ: 2021ರಲ್ಲಿ 83 ತೇಜಸ್ ಯುದ್ಧವಿಮಾನಗಳಿಗೆ (73 ಮಾರ್ಕ್-1ಎ, 10 ತರಬೇತಿ ವಿಮಾನ) ಸರ್ಕಾರಿ ವಿಮಾನ ತಯಾರಿಕಾ ಕಂಪನಿ ಎಚ್‌ಎಎಲ್ ಜೊತೆ ಒಪ್ಪಂದವಾಯಿತು. ಅಮೆರಿಕದಿಂದ ಬರಬೇಕಿದ್ದ 99 ಎಂಜಿನ್‌ಗಳಲ್ಲಿ ಮೊದಲನೆಯದು ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ವಿಮಾನ ತಡವಾದದ್ದಕ್ಕೆ ಎಂಜಿನ್ ಎಷ್ಟು ಕಾರಣ, ಉಳಿದ ಕಾರಣಗಳು ಎಷ್ಟು? ಇದು ನಾಲ್ಕು ಪುಟದಲ್ಲಿ ಹಿಡಿಯುವ ಪ್ರಶ್ನೆ.

ಉತ್ತರಕ್ಕೆ ಬೇಕಾದದ್ದೆಲ್ಲ ಬಹಿರಂಗವಾಗಿಯೇ ಇದೆ. ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳು, ಲೋಕಸಭೆ ಮತ್ತು ರಾಜ್ಯಸಭೆಯ ಪ್ರಶ್ನೋತ್ತರ, ಸಿಎಜಿ (ಮಹಾಲೇಖಪಾಲರ) ವರದಿ, ಸರ್ಕಾರದ ಪತ್ರಿಕಾ ಕಚೇರಿಯಾದ ಪಿಐಬಿಯ ಪ್ರಕಟಣೆ, ಕಂಪನಿಯ ವಾರ್ಷಿಕ ವರದಿ. ಪತ್ರಿಕಾ ಸುದ್ದಿಯನ್ನು ಸುಳಿವಾಗಿ ಮಾತ್ರ ಬಳಸಿ, ಅಂಕಿಯನ್ನು ಮೂಲ ದಾಖಲೆಯಲ್ಲಿ ಹುಡುಕಿ. ಪುಟ ಸಂಖ್ಯೆಯ ಸಮೇತ ಅಡಿಟಿಪ್ಪಣಿಯನ್ನು ಬರೆಯುವಾಗಲೇ ಹಾಕಿ. ಕೊನೆಗೆ ಹಾಕೋಣ ಎಂದುಕೊಂಡವರಿಗೆ ಅರ್ಧ ಮೂಲಗಳು ಸಿಗುವುದಿಲ್ಲ.

ಕಾಲು ಜಾರುವ ಕಡೆಗಳು

ಅತಿ ಹೆಚ್ಚು ತಪ್ಪಾಗುವುದು ಖರೀದಿಯ ಹಂತಗಳಲ್ಲಿ. ರಕ್ಷಣಾ ಖರೀದಿ ಮಂಡಳಿ ಕೊಡುವುದು ‘ಅಗತ್ಯವಿದೆ’ ಎಂಬ ಒಪ್ಪಿಗೆ ಮಾತ್ರ. ಅದಾದ ಮೇಲೆ ಟೆಂಡರ್, ಪರೀಕ್ಷೆ, ಬೆಲೆ ಮಾತುಕತೆ, ದೊಡ್ಡ ಮೊತ್ತವಾದರೆ ಸಂಪುಟದ ಭದ್ರತಾ ಸಮಿತಿಯ ಅನುಮೋದನೆ, ಆಮೇಲೆ ಒಪ್ಪಂದ. ಇನ್ನೂ 97 ತೇಜಸ್ ವಿಮಾನಗಳಿಗೂ 156 ಪ್ರಚಂಡ ಯುದ್ಧ ಹೆಲಿಕಾಪ್ಟರ್‌ಗಳಿಗೂ ಒಪ್ಪಿಗೆ ಸಿಕ್ಕಿದ್ದು ಒಂದೇ ದಿನ, 2023ರ ನವೆಂಬರ್ 30. ಹೆಲಿಕಾಪ್ಟರ್ ಒಪ್ಪಂದ ಆದದ್ದು 2025ರ ಮಾರ್ಚ್‌ನಲ್ಲಿ, ಅವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನ ಘಟಕಗಳಲ್ಲಿ. ವಿಮಾನದ ಒಪ್ಪಂದಕ್ಕೆ 2025ರ ಸೆಪ್ಟೆಂಬರ್ ಬಂತು. ‘2023ರಲ್ಲಿ ಭಾರತ 97 ತೇಜಸ್ ಖರೀದಿಸಿತು’ ಎಂದು ಬರೆದವರ ಅರ್ಜಿಯನ್ನು ವಿಷಯ ಬಲ್ಲವರು ಅಲ್ಲಿಗೇ ಮಡಚಿಡುತ್ತಾರೆ.

ಬಜೆಟ್ ಇನ್ನೊಂದು ಬಲೆ. 2025–26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಇದರಲ್ಲಿ ಸುಮಾರು 1.60 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತದೆ. ಹೊಸ ಶಸ್ತ್ರಾಸ್ತ್ರ ಬರುವುದು ಸುಮಾರು 1.80 ಲಕ್ಷ ಕೋಟಿಯ ಬಂಡವಾಳ ವೆಚ್ಚದಿಂದ. ಪ್ರತಿ ಲೆಕ್ಕಕ್ಕೂ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ ಎಂಬ ಮೂರು ಅಂಕಿಗಳಿರುತ್ತವೆ. ಒಂದು ವರ್ಷದ ಅಂದಾಜನ್ನು ಇನ್ನೊಂದು ವರ್ಷದ ವಾಸ್ತವಕ್ಕೆ ಹೋಲಿಸಿದರೆ ‘ಏರಿಕೆ’, ‘ಇಳಿಕೆ’ ಎರಡೂ ಸುಳ್ಳಾಗುತ್ತವೆ.

ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಶಸ್ತ್ರಾಸ್ತ್ರ ವರ್ಗಾವಣೆ ಅಂಕಿಅಂಶ ಎಲ್ಲರೂ ಬಳಸುವಂಥದ್ದು. ಅದರ ಮಾಪನ ಟಿಐವಿ (ಟ್ರೆಂಡ್ ಇಂಡಿಕೇಟರ್ ವ್ಯಾಲ್ಯೂ). ಅದು ಆಯುಧದ ಸೇನಾ ಸಾಮರ್ಥ್ಯವನ್ನು ಅಳೆಯುತ್ತದೆ, ಕೊಟ್ಟ ಹಣವನ್ನಲ್ಲ. ಅಂಕಿಗಳು ಮಿಲಿಯನ್‌ಗಳಲ್ಲಿ ಇರುವುದರಿಂದ ಪಕ್ಕಕ್ಕೆ ಡಾಲರ್ ಗುರುತು ಹಾಕಿಬಿಡುವವರು ಇಂದಿಗೂ ಇದ್ದಾರೆ.

ಕನ್ನಡ ಮಾಧ್ಯಮದವರು

ಕೆಲಸದ ಭಾಷೆ ಇಂಗ್ಲಿಷ್, ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಇಲ್ಲಿ ಬೇಕಿರುವುದು ಚಿಕ್ಕ ವಾಕ್ಯಗಳ ನೇರ ಇಂಗ್ಲಿಷ್. ನಿಮ್ಮ ತೀರ್ಮಾನವನ್ನು ಮೊದಲು ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಬರೆಯಲಾಗದಿದ್ದರೆ ತೊಡಕಿರುವುದು ಇಂಗ್ಲಿಷಿನಲ್ಲಲ್ಲ. ಕನ್ನಡವೇ ಬಂಡವಾಳವಾಗುವ ವಿಷಯಗಳೂ ಇವೆ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ ಪುನರ್ವಸತಿ, ಮೀನುಗಾರರ ಬದುಕಿನ ಮೇಲಾದ ಪರಿಣಾಮ ಇವಕ್ಕೆಲ್ಲ ಆಧಾರ ಕನ್ನಡ ಪತ್ರಿಕೆಗಳಲ್ಲಿ, ಸ್ಥಳೀಯರ ಬಾಯಲ್ಲಿದೆ. ಕನ್ನಡ ಬಾರದ ಸಂಶೋಧಕರು ಅಲ್ಲಿಗೆ ತಲುಪಲಾರರು.

ಸೇರಿದ ಮೇಲೆ

ಮೂರು ತಿಂಗಳಿದ್ದರೆ ಮೊದಲ ಎರಡು ವಾರದಲ್ಲೇ ಪ್ರಶ್ನೆಯನ್ನು ಮಾರ್ಗದರ್ಶಕರ ಜೊತೆ ಗಟ್ಟಿ ಮಾಡಿಕೊಳ್ಳಿ. ಆರನೆಯ ವಾರದೊಳಗೆ ಮೊದಲ ಕರಡು ಅವರ ಮೇಜಿನ ಮೇಲಿರಲಿ, ತಿದ್ದುಪಡಿಗೆ ಅಷ್ಟೇ ಸಮಯ ಬೇಕು. ನೀತಿ ಟಿಪ್ಪಣಿಯಲ್ಲಿ ಶಿಫಾರಸು ಮೊದಲ ಪ್ಯಾರಾದಲ್ಲೇ ಬರಬೇಕು: ಯಾವ ಇಲಾಖೆ, ಏನು, ಯಾವಾಗ, ಸುಮಾರು ಎಷ್ಟು ಖರ್ಚಿನಲ್ಲಿ ಮಾಡಬೇಕು ಎಂಬುದು. ‘ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬುದು ಶಿಫಾರಸಲ್ಲ.

ವಿಚಾರಗೋಷ್ಠಿಯ ವರದಿ ಬರೆಯುವ ಕೆಲಸ ಇಂಟರ್ನ್‌ಗಳ ಪಾಲಿಗೇ ಬರುತ್ತದೆ. ‘ಚಾಟಮ್ ಹೌಸ್ ನಿಯಮ’ ಎಂದು ಹೇಳಿದ್ದರೆ ಕೇಳಿದ ವಿಚಾರವನ್ನು ಬಳಸಬಹುದು, ಹೇಳಿದವರು ಯಾರೆಂಬ ಗುರುತು ಬಿಟ್ಟುಕೊಡುವಂತಿಲ್ಲ. ಹೆಸರು ಬಿಟ್ಟು ‘ಒಬ್ಬ ನಿವೃತ್ತ ನೌಕಾ ಮುಖ್ಯಸ್ಥರು’ ಎಂದು ಬರೆದರೂ ಗುರುತು ಸಿಕ್ಕಿಬಿಡುತ್ತದೆ.

1923ರ ಅಧಿಕೃತ ರಹಸ್ಯ ಕಾಯ್ದೆ ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ. ಸೇನೆಯಲ್ಲಿರುವ ಬಂಧು ಹೇಳಿದ ಮಾತು ಬರಹಕ್ಕೆ ಬರಬಾರದು. ನೆಲೆಗಳ ಫೋಟೊ ತೆಗೆಯಬಾರದು. ವೃತ್ತಿ ಜಾಲತಾಣದಲ್ಲಿ ಅಪರಿಚಿತರು ಬಂದು ‘ಚಿಕ್ಕದೊಂದು ವರದಿ ಬರೆದುಕೊಡಿ, ಒಳ್ಳೆಯ ಸಂಭಾವನೆ ಇದೆ’ ಎನ್ನಬಹುದು. ಮೊದಲು ಕೇಳುವುದು ಬಹಿರಂಗ ಮಾಹಿತಿ, ಆಮೇಲೆ ಕೇಳುವುದು ಬೇರೆ. ಉತ್ತರ ಬರೆಯುವ ಮುಂಚೆಯೇ ಆ ಸಂದೇಶವನ್ನು ಮಾರ್ಗದರ್ಶಕರಿಗೆ ತೋರಿಸಿ, ಅಳಿಸದೆ ಇಟ್ಟುಕೊಳ್ಳಿ.

ಮುಗಿಸುವ ವಾರದಲ್ಲಿ ಪ್ರಮಾಣಪತ್ರದ ಜೊತೆಗೆ ಎರಡು ವಿಷಯ ಇತ್ಯರ್ಥ ಮಾಡಿಕೊಳ್ಳಿ: ಬರಹ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಬರುತ್ತದೆಯೇ, ಬಾರದಿದ್ದರೆ ಬೇರೆಡೆ ಪ್ರಕಟಿಸಲು ಅನುಮತಿ ಇದೆಯೇ. ಎರಡಕ್ಕೂ ಉತ್ತರ ಇಮೇಲ್‌ನಲ್ಲಿ ಇರಲಿ.