ರಾತ್ರಿಯ ತೊಂದರೆಗೆ ಹಗಲಿನಲ್ಲಿ ಮದ್ದು

ಒಂಬತ್ತು ವರ್ಷದ ಹುಡುಗ ಇನ್ನೂ ಹಾಸಿಗೆಯಲ್ಲಿ ಒಂದಕ್ಕೆ ಮಾಡಿಕೊಳ್ಳುತ್ತಾನೆ ಎಂದು ಬಂಧುಗಳಿಗೆ ಗೊತ್ತಾದರೆ ಸಲಹೆಗಳಿಗೆ ಬರವಿರುವುದಿಲ್ಲ. ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿ ತಿನ್ನಿಸಿ, ತಾಯತ ಕಟ್ಟಿಸಿ, ಸಂಜೆಯ ಮೇಲೆ ತೊಟ್ಟು ನೀರು ಕೊಡಬೇಡಿ, ನಾಲ್ಕು ಜನರ ಮುಂದೆ ಹೇಳಿ ನಾಚಿಕೆಯಾಗುವಂತೆ ಮಾಡಿ. ಎಳ್ಳುಂಡೆಯನ್ನು ನನ್ನ ಮಗ ಖುಷಿಯಾಗಿ ತಿಂದ, ಹಾಸಿಗೆ ಎಂದಿನಂತೆ ಒದ್ದೆಯಾಯಿತು. ಕೊನೆಯ ಸಲಹೆಯನ್ನು ಮಾತ್ರ ನಾನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ನಿದ್ದೆಯಲ್ಲಿ ನಡೆಯುವುದಕ್ಕೆ ಎಚ್ಚರದಲ್ಲಿ ಬೈಸಿಕೊಳ್ಳುವುದು ಯಾವ ನ್ಯಾಯ?

ನಾವಿರುವುದು ಹನುಮಂತನಗರದ ಬಾಡಿಗೆ ಮನೆಯಲ್ಲಿ. ಮೇಲಿನ ಮಹಡಿಯಲ್ಲಿ ಓನರ್, ಅದರ ಮೇಲೆ ಎಲ್ಲರೂ ಬಟ್ಟೆ ಒಣಗಿಸುವ ತಾರಸಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಊರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗ, ದಿನವೂ ವಾಷಿಂಗ್ ಮೆಷಿನ್ ತಿರುಗಿಸುವುದಕ್ಕೆ ಓನರ್ ಆಂಟಿಗೆ ಹೇಳಲು ನನ್ನ ಬಳಿ ನೆಪಗಳೇ ಉಳಿದಿರಲಿಲ್ಲ. ಮಕ್ಕಳ ವೈದ್ಯರ ಬಳಿ ಹೋದದ್ದು ಆಗ.

ಅವರು ಮೊದಲು ಕೇಳಿದ್ದು, ಹಿಂದೆ ಎಂದಾದರೂ ಸತತ ಆರು ತಿಂಗಳು ಹಾಸಿಗೆ ಒಣಗಿದ್ದು ಈಗ ಹೊಸದಾಗಿ ಶುರುವಾಗಿದೆಯೇ ಎಂದು. ಹಾಗಿದ್ದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮನಸ್ಸಿಗೆ ತಗುಲಿದ ಯಾವುದಾದರೂ ಪೆಟ್ಟು, ಹೀಗೆ ಬೇರೆ ಕಾರಣ ಹುಡುಕಬೇಕಾಗುತ್ತದೆಯಂತೆ. ನಮ್ಮವನದು ಹುಟ್ಟಿನಿಂದ ಬಂದದ್ದು. ಉರಿ ಇದೆಯೇ, ಹಗಲಲ್ಲೂ ಚಡ್ಡಿ ಒದ್ದೆಯಾಗುತ್ತದೆಯೇ, ವಿಪರೀತ ಬಾಯಾರಿಕೆಯೇ, ಗೊರಕೆ ಹೊಡೆಯುತ್ತಾನೆಯೇ ಎಂದೆಲ್ಲ ಕೇಳಿ, ಮೂತ್ರ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಿತ್ತು. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15, ಹತ್ತರ ಹೊತ್ತಿಗೂ ಸುಮಾರು 5 ಮಕ್ಕಳಿಗೆ ಹೀಗಾಗುತ್ತದೆ, ಹುಡುಗರಲ್ಲಿ ಹೆಚ್ಚು ಎಂದರು. ರಾತ್ರಿ ಮೂತ್ರದ ಪ್ರಮಾಣ ತಗ್ಗಿಸುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಕೆಲವರಲ್ಲಿ ಸಾಲುವುದಿಲ್ಲ, ಕೆಲವರ ಮೂತ್ರಕೋಶ ಹೆಚ್ಚು ಹಿಡಿಯುವುದಿಲ್ಲ, ಬಹುಪಾಲು ಮಕ್ಕಳಿಗೆ ಮೂತ್ರಕೋಶ ತುಂಬಿದರೂ ಎಚ್ಚರವಾಗುವುದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ 40ಕ್ಕಿಂತ ಹೆಚ್ಚು.

ಈ ಕೊನೆಯ ಮಾತನ್ನು ಮನೆಯಲ್ಲಿ ಹೇಳಿದೆ, ಅಷ್ಟೇ. ನಮ್ಮ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತಿ ಮೊಮ್ಮಗನಿಗೆ, "ನಿಮ್ಮಪ್ಪ ಏಳನೇ ಕ್ಲಾಸಿನ ತನಕ ಚಾಪೆ ತೋಯಿಸುತ್ತಿದ್ದ ಕಣೋ, ತಿಪಟೂರಿನ ಮನೆಯಲ್ಲಿ ಅವನಿಗೇ ಒಂದು ಚಾಪೆ ಬೇರೆ ಇಟ್ಟಿದ್ದೆ" ಎಂದರು. ಯಜಮಾನರು ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಏರಿಸಿದರು. ಮದುವೆಯಾಗಿ ಹದಿಮೂರು ವರ್ಷ, ನನಗೆ ಈ ಸುದ್ದಿ ಅದೇ ಮೊದಲು. ಮಗ ನಕ್ಕ. ಆ ರಾತ್ರಿ ಬೆಡ್‌ಶೀಟ್ ಬದಲಾಯಿಸಲು ಅಪ್ಪನನ್ನೇ ಎಬ್ಬಿಸಿದ.

ವೈದ್ಯರು ರಾತ್ರಿಗೆ ಏನಾದರೂ ಕೊಡುತ್ತಾರೆ ಎಂದುಕೊಂಡಿದ್ದ ನಮಗೆ ಅವರು ಕೊಟ್ಟದ್ದು ಹಗಲಿನ ಕೆಲಸ. ಅಳತೆಯ ಜಗ್ ಇಟ್ಟುಕೊಂಡು, ರಜೆಯ ದಿನಗಳಲ್ಲಿ ಅವನು ಎಷ್ಟು ಕುಡಿದ, ಎಷ್ಟು ಹೊತ್ತಿಗೆ ಎಷ್ಟು ಮಿಲಿಲೀಟರ್ ಹೊಯ್ದ ಎಂದು ಬರೆಯಬೇಕು. ವಯಸ್ಸಿಗೆ ಒಂದು ಸೇರಿಸಿ ಮೂವತ್ತರಿಂದ ಗುಣಿಸಿದರೆ ಮೂತ್ರಕೋಶ ಹಿಡಿಯಬೇಕಾದ ಅಂದಾಜು ಅಳತೆ ಸಿಗುತ್ತದೆ. ಒಂಬತ್ತು ವರ್ಷಕ್ಕೆ 300 ಮಿಲಿಲೀಟರ್. ನಮ್ಮವನದು 180 ದಾಟುತ್ತಿರಲಿಲ್ಲ. ಬರೆಯುವ ಕೆಲಸವನ್ನು ಅವನಿಗೇ ಬಿಟ್ಟೆ. ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಕ್ರಿಕೆಟ್ ಸ್ಕೋರ್ ಬರೆಯುವವರಷ್ಟೇ ಗಂಭೀರವಾಗಿ ತುಂಬಿಸುತ್ತಿದ್ದ.

ಶಾಲೆಯ ದಿನ ಕುಡಿದದ್ದನ್ನೂ ಆ ಪಟ್ಟಿಗೆ ಸೇರಿಸಿದಾಗ ಗುಟ್ಟು ಬಯಲಾಯಿತು. ಶಾಲೆಗೆ ಒಯ್ದ ನೀರಿನ ಬಾಟಲಿ ಬಹುತೇಕ ತುಂಬಿದಂತೆಯೇ ಮರಳುತ್ತಿತ್ತು. ಏಕೆಂದು ಕೇಳಿದರೆ, ಕುಡಿದರೆ ಅಲ್ಲಿನ ಶೌಚಾಲಯಕ್ಕೆ ಹೋಗಬೇಕಲ್ಲ, ಅದು ನಾರುತ್ತದೆ ಎಂದ. ನಾಲ್ಕು ಗಂಟೆಗೆ ಮನೆಗೆ ಬಂದವನು ಬಾಟಲಿಗಟ್ಟಲೆ ಕುಡಿಯುತ್ತಿದ್ದ. ಸಂಜೆ ಅಜ್ಜಿಯ ಜೊತೆ ಅರ್ಧ ಲೋಟ ಫಿಲ್ಟರ್ ಕಾಫಿ, ರಾತ್ರಿ ತಿಳಿಸಾರು, ಮಜ್ಜಿಗೆ, ಮಲಗುವ ಮುನ್ನ ದೊಡ್ಡ ಲೋಟ ಹಾಲು. ಇಡೀ ದಿನದ ನೀರು ರಾತ್ರಿಯ ಪಾಲಿಗೆ ಬರುತ್ತಿತ್ತು. ಮೂತ್ರಕೋಶಕ್ಕಾದರೋ ಹಗಲಲ್ಲಿ ತುಂಬಿ ಹಿಗ್ಗುವ ಅಭ್ಯಾಸವೇ ಇಲ್ಲ.

ಹಾಗಾಗಿ ನೀರು ಕಡಿಮೆ ಮಾಡಲಿಲ್ಲ, ಹೊತ್ತು ಬದಲಾಯಿಸಿದೆವು. ದಿನದ ನೀರಿನಲ್ಲಿ ಸುಮಾರು ನಾಲ್ಕು ಪಾಲು ಸಂಜೆ ಐದರೊಳಗೆ, ಉಳಿದ ಒಂದು ಪಾಲು ಆಮೇಲೆ. ತರಗತಿಯ ಮಿಸ್ ಅವರನ್ನು ಕಂಡು ಮಾತನಾಡಿದೆ. ಹುಡುಗರೆಲ್ಲ ನುಗ್ಗುವ ಬಿಡುವಿನಲ್ಲಲ್ಲದೆ ಪಾಠದ ನಡುವೆಯೂ ಎದ್ದು ಹೋಗಲು ಅವನಿಗೆ ಅನುಮತಿ ಸಿಕ್ಕಿತು. ಎರಡು ಮೂರು ಗಂಟೆಗೊಮ್ಮೆ ಹೋಗಲೇಬೇಕು ಎಂಬುದು ನಿಯಮ. ಸಾರು ಮಧ್ಯಾಹ್ನದ ಊಟಕ್ಕೆ ಹೋಯಿತು, ರಾತ್ರಿ ಚಪಾತಿ ಪಲ್ಯ. ಕಾಫಿ ನಿಂತಿತು. ಅದಕ್ಕೆ ಮೊಮ್ಮಗನಿಗಿಂತ ಅಜ್ಜಿಗೆ ಬೇಸರ.

ಇನ್ನೊಂದು ಸಂಗತಿ ಮಲಬದ್ಧತೆ. ಮೂತ್ರಕೋಶದ ಹಿಂದೆಯೇ ಮಲಾಶಯವಿದೆ. ಅದು ತುಂಬಿ ಕುಳಿತರೆ ಮುಂದಿನದಕ್ಕೆ ಜಾಗವಿಲ್ಲ. ಮಗ ಮೂರು ದಿನಕ್ಕೊಮ್ಮೆ ಎರಡಕ್ಕೆ ಹೋಗುತ್ತಾನೆ ಎಂಬುದನ್ನು ನಾನು ಅವನ ಸ್ವಭಾವವೆಂದೇ ಭಾವಿಸಿದ್ದೆ. ವೈದ್ಯರು ಮಲ ಮೆತ್ತಗಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬರೆದುಕೊಟ್ಟರು, ಜೊತೆಗೆ ಸೊಪ್ಪು, ಪರಂಗಿ ಹಣ್ಣು. ಕಮೋಡಿನ ಮೇಲೆ ಕುಳಿತರೆ ಅವನ ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು. ಹಾಗೆ ಕುಳಿತರೆ ಸ್ನಾಯು ಸಡಿಲವಾಗುವುದಿಲ್ಲ ಎಂದಾಗ, ಪೂಜೆಗೆ ಬಳಸದ ಒಂದು ಹಳೆಯ ಮಣೆಯನ್ನು ಕಾಲಡಿಗೆ ಇಟ್ಟೆ. ಬೆಳಗಿನ ತಿಂಡಿಯಾದ ಮೇಲೆ ಅಲ್ಲಿ ಐದು ನಿಮಿಷ ಕೂರುವುದು ಕಡ್ಡಾಯ. ಇದೊಂದು ಸರಿಹೋಗುತ್ತಿದ್ದಂತೆ ವಾರದಲ್ಲಿ ಕೆಲವು ರಾತ್ರಿ ಒಣಗಿರತೊಡಗಿದವು.

ನಡುರಾತ್ರಿ ಎತ್ತಿಕೊಂಡು ಹೋಗಿ ಹೊಯ್ಯಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಹಾಸಿಗೆ ಉಳಿಯುತ್ತದೆ, ನಿಜ. ಆದರೆ ಎಚ್ಚರವಾದದ್ದು ಅಪ್ಪನಿಗೆ, ಮಗನಿಗಲ್ಲ. ನಾವು ಅದನ್ನು ಬಿಟ್ಟು, ಮೆಡಿಕಲ್ ಅಂಗಡಿಯಿಂದ ಎರಡು ರಬ್ಬರ್ ಶೀಟ್ ತಂದು, ರಬ್ಬರ್ ಶೀಟಿನ ಮೇಲೆ ಬೆಡ್‌ಶೀಟ್, ಮತ್ತೆ ರಬ್ಬರ್ ಶೀಟ್, ಮತ್ತೆ ಬೆಡ್‌ಶೀಟ್ ಹಾಸಿದೆವು. ಒದ್ದೆಯಾದರೆ ಮೇಲಿನ ಜೋಡಿ ಎಳೆದರಾಯಿತು, ಕೆಳಗೆ ಹಾಸಿಗೆ ಸಿದ್ಧ. ಲೈಟ್ ಹಾಕುವುದು, ಉಪದೇಶ, ನಿಟ್ಟುಸಿರು ಯಾವುದೂ ಇಲ್ಲ. ಬಹುಮಾನವೂ ಒಣಗಿದ ಹಾಸಿಗೆಗಲ್ಲ. ಅದು ಅವನ ಕೈಯಲ್ಲಿಲ್ಲವಲ್ಲ. ಶಾಲೆಯಲ್ಲಿ ಬಾಟಲಿ ಖಾಲಿ ಮಾಡಿದ್ದಕ್ಕೆ, ಮಲಗುವ ಮುನ್ನ ನೆನಪಿಟ್ಟು ಹೋಗಿ ಬಂದದ್ದಕ್ಕೆ ಮಾತ್ರ.

ಕೊನೆಗೆ ಅಲಾರಂ. ಚಡ್ಡಿಗೆ ಸಿಕ್ಕಿಸುವ ಪುಟ್ಟ ಸೆನ್ಸರ್, ಮೊದಲ ಹನಿ ಬಿದ್ದಾಗ ಕೂಗಿಕೊಳ್ಳುತ್ತದೆ. ಮೊದಮೊದಲು ಅದಕ್ಕೆ ಮಗನೊಬ್ಬನನ್ನು ಬಿಟ್ಟು ಎಲ್ಲರಿಗೂ ಎಚ್ಚರವಾಗುತ್ತಿತ್ತು. ಒಂದು ರಾತ್ರಿ ಓನರ್ ಆಂಟಿ ಮೆಟ್ಟಿಲ ಮೇಲಿಂದ, "ಏನಮ್ಮಾ, ಟ್ಯಾಂಕ್ ತುಂಬಿತೇ? ಮೋಟಾರ್ ಆಫ್ ಮಾಡಲೇ?" ಎಂದು ಕೇಳಿದರು. ಹೌದು ಆಂಟಿ, ಆಫ್ ಮಾಡಿದೆ ಎಂದೆ. ಅಲಾರಂ ಕೂಗಿದಾಗ ನಾವು ಹೋಗಿ ಮಗನನ್ನು ಪೂರ್ತಿ ಎಚ್ಚರಿಸಬೇಕು. ಆರಿಸುವುದು, ಶೌಚಾಲಯಕ್ಕೆ ನಡೆಯುವುದು, ಚಡ್ಡಿ ಬದಲಿಸಿ ಮತ್ತೆ ಸಿಕ್ಕಿಸಿಕೊಳ್ಳುವುದು ಅವನೇ. ಎರಡು ಮೂರು ತಿಂಗಳು ಹಿಡಿಯಬಹುದು, ನಡುವೆ ಕೈಬಿಡಬೇಡಿ ಎಂದು ಮೊದಲೇ ಹೇಳಿದ್ದರಿಂದ ಉಳಿದೆವು. ಒದ್ದೆಯ ಗುರುತು ಮೊದಲು ತಟ್ಟೆಯಗಲ, ಬರುಬರುತ್ತಾ ಅಂಗೈಯಗಲ, ಆಮೇಲೆ ಚಡ್ಡಿಯಲ್ಲಷ್ಟೇ. ಅಲಾರಂ ಕೂಗುವ ಹೊತ್ತೂ ಬೆಳಗಿನ ಕಡೆಗೆ ಸರಿಯಿತು. ಸತತ 14 ರಾತ್ರಿ ಒಣಗಿದ್ದರೆ ಗೆದ್ದಂತೆ ಎನ್ನುತ್ತಾರೆ.

ಆ ನಡುವೆ ಹಾಸನದಲ್ಲಿ ಮದುವೆ ಬಂತು. ಛತ್ರದಲ್ಲಿ ಮಕ್ಕಳೆಲ್ಲ ಜಮಖಾನದ ಮೇಲೆ ಸಾಲಾಗಿ ಮಲಗುವ ಮದುವೆ. ಅದಕ್ಕೆಂದು ವೈದ್ಯರು ಡೆಸ್ಮೊಪ್ರೆಸಿನ್ ಮಾತ್ರೆ ಬರೆದುಕೊಟ್ಟರು, ವ್ಯಾಸೊಪ್ರೆಸಿನ್ನಿನಂತೆಯೇ ರಾತ್ರಿಯ ಮೂತ್ರ ತಗ್ಗಿಸುವ ಮದ್ದು. ಕೆಲವು ದಿನ ಮುಂಚೆಯೇ ಮನೆಯಲ್ಲಿ ಕೊಟ್ಟು ನೋಡಿ ಎಂದರು. ಮಾತ್ರೆಗೆ ಒಂದು ತಾಸು ಮೊದಲಿನಿಂದ, ನುಂಗಿದ ಮೇಲೆ ಎಂಟು ತಾಸು ಕಳೆಯುವವರೆಗೆ ನೀರು ಗುಟುಕು ಮಾತ್ರ. ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ. ಹಾಗಾಗಿ ಇದು ವೈದ್ಯರು ಬರೆದುಕೊಡದೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಯಲ್ಲ. ನಿಲ್ಲಿಸಿದರೆ ಸಾಮಾನ್ಯವಾಗಿ ತೊಂದರೆ ಮರಳುತ್ತದೆ. ನಮಗೆ ಬೇಕಿದ್ದದ್ದು ಮದುವೆಯ ಎರಡು ರಾತ್ರಿ, ಅಷ್ಟು ಸಿಕ್ಕಿತು.

ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಒಂದೆರಡು ವಾರ ಮತ್ತೆ ಒದ್ದೆಯಾಯಿತು. ನೋಡಿದರೆ ಬಾಟಲಿ ಮತ್ತೆ ತುಂಬಿದಂತೆಯೇ ಮರಳುತ್ತಿತ್ತು. ಪರೀಕ್ಷೆಯ ನಡುವೆ ಎದ್ದು ಹೋಗಲು ಅವನಿಗೆ ಸಂಕೋಚ. ಅಲಾರಂ ಮತ್ತೆ ಸಿಕ್ಕಿಸಿದೆವು, ಮಿಸ್ ಅವರಿಗೆ ಮತ್ತೊಂದು ಚೀಟಿ ಬರೆದೆ. ಎರಡನೇ ಸಲ ಬೇಗ ಹಿಡಿತಕ್ಕೆ ಬಂತು.