ಓಡುವ ಕಾರು ನಿಂತಂತೆ ಕಾಣಬಾರದು

ರೇಸ್ ಫೋಟೊ ತೆಗೆಯುವುದನ್ನು ಎಲ್ಲಿ ಕಲಿಯೋದು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ರ‍್ಯಾಲಿ ಆಮೇಲೆ, ಮೊದಲು ಟ್ರ್ಯಾಕಿಗೆ ಹೋಗಿ. ಚಿಕ್ಕಮಗಳೂರಿನ ಕಾಫಿ ತೋಟದೊಳಗೆ ನಡೆಯುವ ರ‍್ಯಾಲಿ ನೋಡಲು ಚೆಂದ, ನಿಜ. ಆದರೆ ಅಲ್ಲಿ ಕಾರು ಮುಂದೆ ಹಾದುಹೋದರೆ ಹೋಯಿತು. ಅದೇ ಸ್ಟೇಜನ್ನು, ಅಂದರೆ ರಸ್ತೆಯ ಅದೇ ತುಂಡನ್ನು, ಮತ್ತೆ ಓಡಿಸಿದರೆ ಇನ್ನೊಂದು ಅವಕಾಶ, ಅಷ್ಟೇ. ಚೆನ್ನೈಗೆ ಹೋಗುವ ಹೆದ್ದಾರಿ ಕಡೆಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿ.ಮೀ. ಎರಡು ನಿಮಿಷ ಕಾದರೆ ಅದೇ ಗಾಡಿ ಅದೇ ತಿರುವಿಗೆ ಬರುತ್ತದೆ. ಸೆಟ್ಟಿಂಗ್ ಬದಲಿಸಿ, ಮತ್ತೆ ಒತ್ತಿ ನೋಡಬಹುದು. ಕೈ ಪಳಗುವುದು ಹಾಗೆಯೇ.

ನನ್ನದು ಸಾಧಾರಣ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 55–250 ಮಿ.ಮೀ. ಜೂಮ್ ಲೆನ್ಸ್. ಇದಕ್ಕಿಂತ ಜಾಸ್ತಿ ಬೇಕು ಅಂತ ಅಂಗಡಿಯವರು ಹೇಳುತ್ತಾರೆ. ಹಗಲಿನ ರೇಸಿಗೆ ಇಷ್ಟು ಸಾಕು.

ಮುಖ್ಯ ವಿಷಯ ಶಟರ್ ವೇಗ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ ಅನ್ನುವುದು. ಗಂಟೆಗೆ 120 ಕಿ.ಮೀ. ಓಡುವ ಕಾರು ಒಂದು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. 1/2000 ಸೆಕೆಂಡಿನಲ್ಲಿ ಹಿಡಿದರೆ ಅಷ್ಟರಲ್ಲಿ ಅದು ಎರಡು ಸೆಂಟಿಮೀಟರ್ ಕೂಡ ಸರಿದಿರುವುದಿಲ್ಲ, ಚಕ್ರ ತಿರುಗುವುದು ಮೂರು ಡಿಗ್ರಿಯಷ್ಟು. ಫೋಟೊ ನೋಡಿದವರಿಗೆ ಕಾರನ್ನು ಯಾರೋ ಟ್ರ್ಯಾಕಿನ ಮಧ್ಯ ಪಾರ್ಕ್ ಮಾಡಿದಂತೆ ಕಾಣುತ್ತದೆ. 1/125ಕ್ಕೆ ಇಳಿದರೆ ಚಕ್ರ ಐವತ್ತು ಡಿಗ್ರಿ ತಿರುಗಿರುತ್ತದೆ. ಕಡ್ಡಿಗಳೆಲ್ಲ ಕಲಸಿಹೋಗುತ್ತವೆ, ಹಿನ್ನೆಲೆ ಗೆರೆಗೆರೆಯಾಗುತ್ತದೆ. ಆಗ ವೇಗ ಕಣ್ಣಿಗೆ ಕಾಣುತ್ತದೆ ಅಲ್ವಾ?

ಆದರೆ ಅದಕ್ಕೆ ಕ್ಯಾಮೆರಾ ಗಾಡಿಯ ಜೊತೆಯೇ ಸಾಗಬೇಕು. ಎಲ್ಲಿ ಕ್ಲಿಕ್ ಮಾಡಬೇಕೋ ಆ ಕಡೆಗೆ ಪಾದ ಇಟ್ಟು ನಿಲ್ಲುತ್ತೇನೆ. ಸೊಂಟದಿಂದ ಮೇಲೆ ಮಾತ್ರ ತಿರುಗಿ, ಗಾಡಿ ಬರುವಾಗಲೇ ಹಿಡಿದು, ಕ್ಲಿಕ್ ಆದ ಮೇಲೂ ಸ್ವಲ್ಪ ದೂರ ತಿರುಗುತ್ತಲೇ ಇರುತ್ತೇನೆ. ಬೈಕ್ ಆದರೆ ಫೋಕಸ್ ಬಿಂದು ಹೆಲ್ಮೆಟ್ ಮೇಲೆ. ಮೊದಲು 1/250, ಹಿಡಿತ ಸಿಕ್ಕಿದ ಹಾಗೆ ಕೆಳಗೆ. 1/60ರಲ್ಲಿ ಬಹುಪಾಲು ಫ್ರೇಮ್ ಕಸದ ಬುಟ್ಟಿಗೇ, ಅದು ಇದ್ದದ್ದೇ.

ಬಿಸಿಲಿನದು ಬೇರೆಯೇ ತಕರಾರು. ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಶಟರ್ 1/125 ಇಟ್ಟರೆ ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಎಫ್/16ರಷ್ಟು ಕಿರಿದಾಗುತ್ತದೆ. ಆಗ ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳೆಲ್ಲ ಆಕಾಶದಲ್ಲಿ ಎದ್ದು ಕಾಣುತ್ತವೆ. ಇನ್ನೂ ಕಿರಿಕಿರಿ ಎಂದರೆ ಎದುರಿನ ತಂತಿ ಬೇಲಿ. ನಮ್ಮಂಥವರಿಗೆ ಮೀಡಿಯಾ ಪಾಸ್ ಎಲ್ಲಿಂದ ಬರಬೇಕು! ಪ್ರೇಕ್ಷಕರ ಜಾಗದಲ್ಲೇ ನಿಲ್ಲಬೇಕು. ಮೂರು ಸ್ಟಾಪ್, ಅಂದರೆ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಕಪ್ಪು ಗಾಜಿನ ಎನ್‌ಡಿ ಫಿಲ್ಟರ್ ಹಾಕಿದರೆ ಎರಡಕ್ಕೂ ಪರಿಹಾರ. ಅಪರ್ಚರ್ ಎಫ್/5.6ಕ್ಕೆ ತೆರೆದುಕೊಳ್ಳುತ್ತದೆ. ಲೆನ್ಸನ್ನು ಬೇಲಿಯ ಹತ್ತಿರಕ್ಕೆ ಹಿಡಿದರೆ ತಂತಿ ಮಸುಕಾಗಿ ಮಾಯ. ಮಧ್ಯಾಹ್ನ ಡಾಂಬರಿನಿಂದ ಏಳುವ ಬಿಸಿಗಾಳಿಗೆ ಮಾತ್ರ ಯಾವ ಫಿಲ್ಟರೂ ಇಲ್ಲ. ದೂರದ ಗಾಡಿ ನೀರಲ್ಲಿ ಅಲ್ಲಾಡಿದಂತೆ ಬರುತ್ತದೆ. ಆ ಹೊತ್ತಲ್ಲಿ ಸುಮ್ನೆ ಊಟ ಮಾಡಿ, ನೆರಳಲ್ಲಿ ಕೂರುವುದೇ ವಾಸಿ.

ರ‍್ಯಾಲಿಯ ಲೆಕ್ಕವೇ ಬೇರೆ. ರಸ್ತೆ ಮುಚ್ಚುವ ಮೊದಲೇ ನಡೆದು ಒಳಗೆ ಸೇರಬೇಕು, ಸ್ಪರ್ಧಿಗಳೆಲ್ಲರ ಹಿಂದೆ ಕೊನೆಗೆ ಬರುವ ಸ್ವೀಪ್ ಕಾರು ಹೋಗುವ ತನಕ ಅಲ್ಲೇ ಇರಬೇಕು. ನೀರು, ತಿಂಡಿ ಚೀಲದಲ್ಲಿರಲಿ. ತಿರುವಿನ ಹೊರಗಡೆ ನಿಲ್ಲಲೇಬೇಡಿ, ಹಿಡಿತ ತಪ್ಪಿದ ಕಾರು ಬರುವುದು ಅಲ್ಲಿಗೇ. ನಾನು ಒಳಗಡೆಯ ದಿಬ್ಬ ಹುಡುಕುತ್ತೇನೆ, ಅದೂ ರಸ್ತೆಗಿಂತ ಎತ್ತರದಲ್ಲಿ, ಹಿಂದೆ ಸರಿಯಲು ಜಾಗ ಇರುವ ಕಡೆ. ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಏಳಿ ಅಂದರೆ ಏಳಬೇಕು, ವಾದ ಬೇಡ. ಜಾಗ ಗೊತ್ತಾದ ಮೇಲೆ ಗಾಳಿ ಯಾವ ಕಡೆಗೆ ಅಂತ ನೋಡಬೇಕು. ಒಂದು ಕಾರು ಎಬ್ಬಿಸಿದ ಕೆಂಪು ಧೂಳು ನಮ್ಮ ಕಡೆಗೇ ಬಂದರೆ ಮುಂದಿನ ಕಾರು ಕಾಣುವುದೇ ಇಲ್ಲ. ಅಲ್ಲಿ ಲೆನ್ಸ್ ಬಿಚ್ಚುವ ಮಾತೇ ಇಲ್ಲ.

ಸಿಲ್ವರ್ ಓಕ್ ನೆರಳಲ್ಲಿ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಗಲಿಬಿಲಿಯಾಗುತ್ತದೆ. ಸ್ಪರ್ಧಿಗಳಿಗಿಂತ ಮುಂಚೆ ಬರುವ ಝೀರೋ ಕಾರಿನ ಮೇಲೆಯೇ ಎಕ್ಸ್‌ಪೋಶರ್ ನೋಡಿಕೊಂಡು ಮ್ಯಾನ್ಯುವಲ್‌ಗೆ ಇಡುತ್ತೇನೆ. ಎದುರಿಗೇ ನುಗ್ಗಿ ಬರುವ ಕಾರಿಗೆ ಮಾತ್ರ 1/1000. ಅಲ್ಲಿ ಕಲ್ಲು, ಧೂಳು ಗಾಳಿಯಲ್ಲಿ ನಿಂತಿರುವುದೇ ಸೊಗಸು.

ದೊಡ್ಡ ತಂಡಗಳಿಗೆ ಅವರದೇ ಫೋಟೊಗ್ರಾಫರ್ ಇರುತ್ತಾರೆ. ಕೈಯಿಂದ ದುಡ್ಡು ಹಾಕಿ ಓಡಿಸುವ ಹುಡುಗರಿಗೆ ಇರುವುದಿಲ್ಲ. ನಾನು ಫೋಟೊ ಕಳಿಸಿದರೆ ಅವರು ಮೊದಲು ಕೇಳುವುದು, "ಅಣ್ಣಾ, ಸ್ಪಾನ್ಸರ್ ಸ್ಟಿಕ್ಕರ್ ಕಾಣ್ತಿದೆಯಾ?" ಅಂತ. ಅದಕ್ಕೇ ಟ್ರ್ಯಾಕಿನಲ್ಲಿ ಮೊದಲ ಸುತ್ತುಗಳಲ್ಲಿ 1/500 ಇಟ್ಟು, ಸ್ಟಿಕ್ಕರ್ ಓದಲು ಬರುವಂಥ ಒಂದೊಂದು ಫೋಟೊ ಎಲ್ಲರದ್ದೂ ತೆಗೆದಿಡುತ್ತೇನೆ. ನನ್ನ 1/125ರ ಆಟ ಆಮೇಲೆ.